ಕಂದೀಲು ಇಳಿಸೂದು

ನಮ್ಮ ಓಣಿಗೆ ಮೂವತ್ತು ವರ್ಷ
ಹೋದ ಕರೆಂಟು ತಂದು ಕೊಟ್ಟಾಂವ
ಲೈನ್‌ಮನ್ ಗುರುಶಿದ್ದಪ್ಪ.
ರಿಟೈರಾದ ಮ್ಯಾಲ ಹೇಳಾಕ ಹತ್ತಿದ:
ಒಂದಿನ ಹೊಕ್ಕೈತಿ ಯವ್ವಾ, ಹೋದದ್ದು ತಿರುಗಿ ಬರೂದಿಲ್ಲ.
ಬ್ಯಾಂಕು ಮುಚ್ಚತಾವ, ಪೆಟ್ರೋಲು ಬತ್ತತೈತಿ,
ಮಂದಿ ಮಂದೀನ್ನ ತಿಂತಾರ.
ನಾ ಹೊಲಿಗಿ ಮಷೀನ್ ತುಳಕೋತ ಕೇಳತಿದ್ದೆ.
ನಾಡಿದ್ದು ಯಾರದೋ ಮದುವಿ, ಜಂಪರಿಗೆ ಅಂಚು ಹಚ್ಚೂದಿತ್ತು.
ಆದರೂ ಆ ವಾರ ಎರಡು ಕೆಜಿ ಉಪ್ಪು
ಜಾಸ್ತಿ ತಂದೆ, ಸುಳ್ಳ್ಯಾಕ?

ನರಗುಂದದ ನೆಲದಾಗ ಎಲ್ಲಿ ಕಾಲಿಟ್ಟರೂ
ಕೆಳಗ ಯಾರದೋ ಮುತ್ತ್ಯಾನ ಹಗೇವು,
ಜ್ವಾಳ ತುಂಬಿ, ಬಾಯಿ ಮುಚ್ಚಿ, ಮರತದ್ದು.
ಮಳಿಗಾಲದಾಗ ಒಮ್ಮೊಮ್ಮೆ ತಾನ ಬಾಯಿ ತೆರೀತೈತಿ,
ಒಬ್ಬರ ಪಡಸಾಲಿ, ಒಬ್ಬರ ಗ್ವಾದ್ಲಿ
ರಾತ್ರೋರಾತ್ರಿ ಒಳಗ.

ಅಂಥಾದೊಂದು ಹುಡುಕಿ ತೆಗಿಸಿದ.
ಇಪ್ಪತ್ತು ಚೀಲ ಜ್ವಾಳ, ಗುಳಿಗಿ ಡಬ್ಬಿ, ಕೊಡ್ಲಿ,
ಬ್ಯಾಟರಿ ಸೆಲ್ಲು ಒಂದು ಬುಟ್ಟಿ.
ಮುಚ್ಚಳಕ್ಕ ಕಬ್ಬಿಣದ ಪಟ್ಟಿ.
"ಚಿಲಕ ಒಳಗಿಂದ ಯಾಕೋ?" ನಮ್ಮತ್ತಿ ಕೇಳಿದಳು.
"ಹಸದು ನೀವೆಲ್ಲಾ ಬರ್ತೀರಲ್ಲ" ಅಂದ,
ಚಾ ಕುಡಕೋತ, ನಮ್ಮ ಕಪ್ಪಿನ್ಯಾಗ.

ನಮ್ಮತ್ತಿ ಕಲ್ಲವ್ವ
ಹೊಳಿ ಬಂದ ವರ್ಷ ತವರೂರಾಗ
ಮಾಳಿಗಿ ಮ್ಯಾಲ ಎರಡು ರಾತ್ರಿ ಕುಂತು ಬಂದಾಕಿ.
ಆಕೀ ತಯಾರಿ ಅಂದ್ರ ಇಷ್ಟ:
ಮಾಡದಾಗ, ಬಲಕ್ಕ, ಕಡ್ಡಿಪೆಟಿಗಿ.
ಬಾಗಲ ಹಿಂದ ಗೂಟಕ್ಕ ಎಂಟು ಮಾರು ಹಗ್ಗ.
ರೇಶನ್ ಕಾರ್ಡು, ಬಿಪಿ ಗುಳಿಗಿ ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ದಿಂಬಿನ ಕೆಳಗ.
ನಮ್ಮ ಇನ್ನೊಂದು ಕೀಲಿ ಮಗ್ಗಲ ಮನಿ ದಾವಲಬಿ ಹಂತ್ಯಾಕ.
ದಾವಲಬಿದು ನಮ್ಮ ಹಂತ್ಯಾಕ.

ಅವತ್ತು ಅಂವ ಇಳಿಯಾಕ ನಿಂತಾಗ
"ಕಂದೀಲು ಇಳಿಸಿ ನೋಡಿದೇನೋ?" ಅಂದಳು.
ಒಳಗಿನ ಗಾಳಿ ಕೆಟ್ಟಿದ್ರ ದೀಪ ಆರತೈತಿ,
ದೀಪ ಆರಿದಲ್ಲಿ ಮನಶ್ಯಾ ಇಳೀಬಾರದು.
ಅಂವ ನಕ್ಕ. ಹಣಿಗೆ ಕಟ್ಟಿದ ಎಲ್‌ಇಡಿ ತೋರಿಸಿದ:
"ಇದು ಆರೂದ ಇಲ್ಲ ಕಲ್ಲವ್ವ."
"ಅದಕ್ಕ ಅಂಜಿಕಿ ನನಗ."
ನಾ ಹಗ್ಗ ತಂದೆ. ಮುದುಕಿ ಮನಸು ಮುರೀಬಾರದಂತ
ಸೊಂಟಕ್ಕ ಕಟಗೊಂಡ.

ಎಂಟು ಮೆಟ್ಟಲಾ ಇಳದ. ಒಂಬತ್ತನೇದಕ್ಕ
ಮಾತು ನಿಂತಿತು.
ಬಗ್ಗಿ ನೋಡಿದರ ಕೆಳಗ ಬೆಳಕು ಹಂಗ ಉರೀತಿತ್ತು,
ಬೆಳ್ಳಗ, ಅಲಗಾಡಲಾರದ, ಜ್ವಾಳದ ಚೀಲದ ಮ್ಯಾಲ.
ದಾವಲಬಿ ಮಗ ಜಿಗಿಯಾಕ ಹೋದ.
ಅತ್ತಿ ಬಡಗಿ ಅಡ್ಡ ಹಿಡದಳು:
"ಇಳೀಬ್ಯಾಡ. ಜಗ್ಗು."

ಜಗ್ಗಿದಿವಿ. ನಾನು, ದಾವಲಬಿ, ಆಕಿ ಮಗ,
ಹಾಲು ಹಾಕೂ ಹುಡುಗ,
ಜಂಪರ ಅಳತಿ ಕೊಡಾಕ ಬಂದಾಕಿ, ಹೆಸರೂ ಕೇಳಿರಲಿಲ್ಲ.
ಒಬ್ಬ ಮನಶ್ಯಾ ಅಷ್ಟು ವಜ್ಜಾ ಇರತಾನಂತ
ಗೊತ್ತಿರಲಿಲ್ಲ.

ಮೂರು ದಿನ ದವಾಖಾನ್ಯಾಗ ಇದ್ದ.
ಜ್ವಾಳ ಇನ್ನೂ ಕೆಳಗ ಐತಿ. ಯಾರೂ ಕೇಳಿಲ್ಲ, ಅಂವನೂ ಅಂದಿಲ್ಲ.

ನಿನ್ನೆ ರಾತ್ರಿ ಗಾಳಿಗೆ ಕರೆಂಟು ಹೋತು.
ಓಣಿ ಮಂದಿ ಕಟ್ಟಿಗೆ ಬಂದು, ರೂಢಿ ನೋಡ್ರಿ,
ಅವನ ಮನಿ ಕಡೆ ತಿರುಗಿದರು.
ಕತ್ತಲದಾಗ ಒಂದು ಕೆಮ್ಮು.
ಪಕ್ಕಡ ಹುಡುಕೂ ಸಪ್ಪಳ.
ನನ್ನ ಕೈ ಮಾಡದ ಬಲಕ್ಕ ಹೋತು,
ನೋಡಲಾರದ.