ಹದಿನೆಂಟು ಗ್ರಾಂ

ಪುಡಿ ಬಂದದ್ದು ಐದು ಕಿಲೋ ಚೀಲದಲ್ಲಿ,
ಮೇಲೆ ಬರೆದಿತ್ತು: ಬೆಂಟೊನೈಟ್, ಕಚ್ಛ್.
ಯಶವಂತಪುರದ ಲ್ಯಾಬಿನಲ್ಲಿ ಒಂದು ಹಿಡಿಗೆ
ರಾತ್ರಿಯಿಡೀ ನೀರು ಕುಡಿಸಿದೆ.
ಬೆಳಿಗ್ಗೆ ನೋಡಿದರೆ ರುಬ್ಬಿದ ಉದ್ದಿನ ಹಾಗೆ
ಬೀಕರಿನ ಕಂಠದವರೆಗೆ ಉಬ್ಬಿತ್ತು.

ಒಳಗೆ ಹಾಳೆಯ ಮೇಲೆ ಹಾಳೆ.
ನಡುವಿನ ಸಂದಿಯಲ್ಲಿ ಸೋಡಿಯಂ,
ಮತ್ತಿಕೆರೆಯ ನಮ್ಮ ವಠಾರದವರಂತೆ:
ಅಡ್ವಾನ್ಸ್ ಕಡಿಮೆ, ಹಿಡಿತವೂ ಕಡಿಮೆ,
ಬಲವಾದವರು ಬಂದರೆ ಗಂಟುಮೂಟೆ ಕಟ್ಟುವವರು.

ಬಂದರು. ಹದಿನಾರು ಇಂಗಾಲದ ಉದ್ದ ಬಾಲದವರು,
ಅರವತ್ತು ಡಿಗ್ರಿ ಬಿಸಿಯಲ್ಲಿ, ಹನಿಹನಿಯಾಗಿ.
ತಲೆಯನ್ನು ಗೋಡೆಗೆ ಆನಿಸಿ
ಬಾಲ ಚಾಚಿ ಮಲಗಿದರು. ಮನೆಯೇ ಅಗಲವಾಯಿತು,
ಹನ್ನೆರಡು ಆಂಗ್‌ಸ್ಟ್ರಮ್ ಇದ್ದದ್ದು ಹತ್ತೊಂಬತ್ತು.
ಇದನ್ನು ನಮ್ಮ ಓನರ್ ಗಂಗಾಧರಯ್ಯನವರಿಗೆ ಹೇಳಬಾರದು.

ಆಮೇಲೆ ತೊಳೆಯುವುದು. ತೊಳೆಯುವುದೇ ಕೆಲಸ.
ಸೆಂಟ್ರಿಫ್ಯೂಜ್ ಗುಯ್ಗುಟ್ಟಲಿ, ಮೇಲಿನ ತಿಳಿ ತೆಗೆ,
ಸಿಲ್ವರ್ ನೈಟ್ರೇಟ್ ಒಂದು ತೊಟ್ಟು ಹಾಕು.
ಇನ್ನೂ ಮಾಸಲು ಹಳದಿ ಮಂಜು. ಮತ್ತೆ ತೊಳೆ.
ಏಳನೆಯ ಸಲ, ಸಂಜೆ ಆರಕ್ಕೆ,
ನೀರು ನೀರಾಗಿಯೇ ಉಳಿಯಿತು.

ಒಣಗಿಸಿ, ಅರೆದು, ಶನಿವಾರ ಡಬ್ಬಿಗೆ ತುಂಬಿಕೊಂಡು
ಪಾಟರಿ ಟೌನಿಗೆ ಹೋದೆ.
ಯಾಕೆಂದು ಗೈಡ್ ಕೇಳಿದ್ದರೆ ಉತ್ತರವಿರಲಿಲ್ಲ.
ಮಣ್ಣು ಬಲ್ಲವರಿಗೆ ತೋರಿಸಬೇಕೆನಿಸಿತ್ತು, ಅಷ್ಟೇ.

ಏಳುಮಲೈ ಬೆರಳದ್ದಿ ನೀರು ಚಿಮುಕಿಸಿದರು.
ಕೆಸುವಿನೆಲೆಯ ಮೇಲಿನಂತೆ ಹನಿಗಳು
ಉರುಳಿ ಅಂಚಿಗೆ ನಿಂತವು.
ಹಿಸುಕಿದರು. ಮೂಸಿದರು. ನಾಲಿಗೆಗೆ ಇಡಹೋಗಿ
ನಾನು ಕೂಗಿದ್ದಕ್ಕೆ ಬಿಟ್ಟರು.
"ಐವತ್ತು ವರ್ಷ ಆಯ್ತಮ್ಮ ತಿಗರಿ ತಿರುಗಿಸ್ತಾ,
ನೀರು ಬೇಡ ಅನ್ನೋ ಮಣ್ಣು ಇವತ್ತೇ ಕಂಡಿದ್ದು.
ಏನಿದಕ್ಕೆ ಅಷ್ಟು ಸಿಟ್ಟು?"

ಹಾಳೆ, ಬಾಲ, ಅಯಾನು ಎಂದು ಶುರುಮಾಡಿ
ಅರ್ಧಕ್ಕೆ ನಿಲ್ಲಿಸಿದೆ. ತಿಗರಿಯ ಮೋಟಾರಿನಡಿ
ಎಣ್ಣೆ ಸೋರಿ ಅಂಗೈಯಗಲ ಕಪ್ಪು ಮಡು.
ಅದರ ಮೇಲೆ ಸುರಿದೆ ಡಬ್ಬಿಯಲ್ಲಿದ್ದಷ್ಟೂ,
ಒಂದು ವಾರದ ದುಡಿಮೆ, ಹದಿನೆಂಟು ಗ್ರಾಂ.

ಪುಡಿ ತಡಮಾಡಲಿಲ್ಲ.
ಅಂಚಿನಿಂದ ಕಪ್ಪೇರಿತು, ಮೆತ್ತಗಾಯಿತು, ಊದಿತು,
ಸಿಮೆಂಟು ನೆಲ ಮತ್ತೆ ಕಂಡಿತು.
ಏಳುಮಲೈ ಕುಕ್ಕರುಗಾಲಲ್ಲಿ ಕೂತು,
ಬೆಂದ ಮಡಕೆಯನ್ನು ತಟ್ಟಿ ಕಿವಿಗೊಡುವ ಹಾಗೆ,
ಸುಮಾರು ಹೊತ್ತು ತಲೆ ವಾಲಿಸಿಕೊಂಡಿದ್ದರು.
"ಸಿಟ್ಟಲ್ಲ ಬಿಡಿ. ಇದರ ಬಾಯಾರಿಕೆ ಬೇರೆ."

ಟೀ ತರಿಸಿದರು. ಸುತ್ತ ಸಾವಿರ ಕುಡಿಕೆ,
ಟೀ ಬಂದದ್ದು ಕಾಗದದ ಲೋಟದಲ್ಲಿ.
ಹೊರಡುವಾಗ ನಲ್ಲಿಯಡಿ ಕೈಯೊಡ್ಡಿದೆ.
ಉಗುರ ಸಂದಿಯಲ್ಲಿ ಉಳಿದ ಪುಡಿಯ ಮೇಲಿಂದ
ನೀರು ಜಾರಿಕೊಂಡು ಹೋಯಿತು.
ಸೋಮವಾರ ಮತ್ತೆ ಒಂದು ಹಿಡಿ ನೆನೆಹಾಕಬೇಕು.