ಹದಿಮೂರು ಪಾಯಿಂಟ್ ಗಾಳಿ

ಲಾರಿಗೆ ನೂರು, ಬಸ್ಸಿಗೆ ನೂರಹತ್ತು,
ಮೇಷ್ಟ್ರ ಸ್ಕೂಟಿಗೆ ಹಿಂದೆ ಮೂವತ್ತಾರು, ಮುಂದೆ ಇಪ್ಪತ್ತೆರಡು.
ಸಾಗರದ ಜೋಗ ರಸ್ತೆಯಲ್ಲಿ ಹದಿನಾರು ವರ್ಷ
ಕಂಡವರ ಚಕ್ರಕ್ಕೆ ಗಾಳಿ ತುಂಬಿ ಕಳಿಸಿದವನು ನಾನು.
ಎಲ್ಲಿಗೆ ಹೊರಟಿರಿ ಎಂದು
ಕೇಳಿದವನಲ್ಲ.

ಈ ಬೇಸಿಗೆ ಇಂಚರ ಹಟ ಹಿಡಿದಳು:
ಹಿನ್ನೀರ ಮೇಲೆ ನಿಂತು ಹೋಗುವ ಹಲಗೆ ಬೇಕು,
ಹುಟ್ಟು ಹಾಕುತ್ತಾ, ಹೋಂಸ್ಟೇಗೆ ಬಂದವರ ಹಾಗೆ.
"ದೋಣಿಯನೇ?" ಅಂದಳು ನನ್ನಮ್ಮ ಗುತ್ಯಮ್ಮ.
"ಅಲ್ಲಜ್ಜಿ, ಹಲಗೆ. ನಿಂತ್ಕಂಡು ಹೋಗದು."
"ನಿಂತು ಎಂತಕ್ಕೆ? ಕೂತರೆ ನೀರು ಬ್ಯಾಡ ಅಂತದಾ?"

ಚೀಟಿ ಎತ್ತಿದ ದುಡ್ಡು ಹದಿನೆಂಟು ಸಾವಿರ.
ಅದರಲ್ಲಿ ನಾಲ್ಕು, ಲೈಫ್ ಜಾಕೆಟ್ಟಿಗೆ ಅಂತ
ಹಲಗೆಯ ಮಾತಿಗೂ ಮೊದಲೇ
ಸೆರಗಿಗೆ ಗಂಟು ಹಾಕಿಕೊಂಡಳು ನೇತ್ರಾವತಿ.

ಹೊಳೆಬಾಗಿಲ ಬಳಿ ಹೋಂಸ್ಟೇ ಒಂದು ಮುಚ್ಚುವಾಗ
ಹಳೆಯ ಗಟ್ಟಿ ಹಲಗೆ ಮಾರಾಟಕ್ಕಿತ್ತು. ಹದಿನಾಲ್ಕಡಿ ಉದ್ದ,
ಕೊಕ್ಕರೆಯ ಕೊಕ್ಕಿನಷ್ಟು ಚೂಪು, ಓಡಲಿಕ್ಕೇ ಹುಟ್ಟಿದ್ದು.
ನನ್ನೆರಡು ಪಾದ ಇಟ್ಟು ನೋಡಿದೆ:
ಇನ್ನೊಬ್ಬರ ಹೆಬ್ಬೆರಳಿಗೂ ಜಾಗವಿಲ್ಲ.
ಒಬ್ಬನೇ ಗೆಲ್ಲುವ ಹಲಗೆ. ಸವರಿ ಅಲ್ಲೇ ಬಿಟ್ಟೆ.

ಫೋನಿನಲ್ಲಿ ಏಳು ಸಾವಿರದ್ದಿತ್ತು,
ಗಾಳಿ ತುಂಬುವಂಥದ್ದು, ಪಂಪು, ಹುಟ್ಟು, ಚೀಲ ಸೇರಿ.
ದಪ್ಪ ನಾಲ್ಕೇ ಇಂಚು.
ನಡುವೆ ನಿಂತರೆ ಬಾಳೆಲೆಯಂತೆ ಬಾಗುತ್ತದೆಂದು
ಟ್ಯೂಬು ಬಲ್ಲವನಿಗೆ ಯಾರು ಹೇಳಿಕೊಡಬೇಕು?

ಕಡೆಗೆ ಶಿವಮೊಗ್ಗ. ಅಂಗಡಿಯ ಹುಡುಗ
"ಇದು ಆಲ್‌ರೌಂಡರ್ ಸಾರ್" ಅಂದ.
ಬ್ಯಾಟಿಂಗೋ ಬೌಲಿಂಗೋ ಅಂದೆ. ನಗಲಿಲ್ಲ.
ಹತ್ತೂವರೆ ಅಡಿ, ಆರಿಂಚು ದಪ್ಪ,
ಎಮ್ಮೆಯ ಮೂತಿಯ ಹಾಗೆ ದುಂಡಗಿನ ಮುಂಭಾಗ,
ಅಗಲ ಮೂವತ್ಮೂರು, ಹಳದಿ.
ಅಂಚಿನ ಅಂಟು ಉಗುರಲ್ಲಿ ಗೀರಿ ನೋಡಿದೆ,
ವಾಲ್ವಿನ ಬಾಯಿಗೆ ಉಗುಳು ಸವರಿದೆ.
ಹುಡುಗ ಬೇರೆ ಕಡೆ ನೋಡಿದ. ಗುಳ್ಳೆ ಏಳಲಿಲ್ಲ.
"ನೂರನಲವತ್ತು ಕೆ.ಜಿ. ತಡೀತದೆ. ಮನೆಯವರ ತೂಕ ಎಷ್ಟು?"

ಮುನೀರಣ್ಣನ ಗುಜರಿ ಅಂಗಡಿಯ ಕಾಟಾ ಹತ್ತಿದೆವು.
ನಾನು ಎಪ್ಪತ್ತೊಂದು.
ಅಮ್ಮ ಮೂವತ್ತೊಂಬತ್ತು, ಎಲೆಚೀಲ ಸಮೇತ.
ಇಂಚರ ಇಪ್ಪತ್ತಾರು.
ಕೆಂಚ ನಾಯಿ, ನಿಲ್ಲಲೊಲ್ಲ.
ನೇತ್ರಾವತಿ ಬಂದಳು. ಮಗಳನ್ನು ಸೊಂಟಕ್ಕೇರಿಸಿ,
ನಾಯಿಯನ್ನು ಕಂಕುಳಿಗೆ ಸಿಕ್ಕಿಸಿ
(ಅಂಗನವಾಡಿಯ ಸಿಲಿಂಡರ್ ಎತ್ತಿದ ಕೈ)
ಕಾಟಾದ ಮೇಲೆ ನಿಂತಳು. ನೂರಾ ಆರು.
"ಬೇಕಿದ್ರೆ ಕಳ್ಕೊಳಿ," ಅಂದಳು.
ಕೆಂಚನ ತೂಕ ಕೆಂಚನಿಗೂ ಗೊತ್ತಿಲ್ಲ.
ಮುನೀರಣ್ಣ ಗಂಭೀರವಾಗಿ ಚೀಟಿಯಲ್ಲಿ ಬರೆದುಕೊಟ್ಟ.

ಹದಿಮೂರೂವರೆಗೆ ಮುಗಿಸಿ ತಂದೆ. ಪಂಪು ಮುಟ್ಟಲಿಲ್ಲ,
ನನ್ನ ಕಂಪ್ರೆಸರ್ ಇರುವಾಗ.
ಹದಿನೈದು ಅಂತ ಬರೆದಿತ್ತು. ಬಿಸಿಲಿಗೆ ಹಿಗ್ಗುವ ಜೀವ,
ಹದಿಮೂರಕ್ಕೆ ನಿಲ್ಲಿಸಿ, ಗೆಣ್ಣಿನಿಂದ ಕುಟ್ಟಿ ಕೇಳಿದೆ.
ಓಮ್ನಿಯ ನೆತ್ತಿಗೆ ಕಟ್ಟಿ ಹೊರಟರೆ
ಆವಿನಹಳ್ಳಿಯಲ್ಲಿ ಯಾರೋ ಕೂಗಿದರು,
"ಎಂತ ಮಾರಾಯ, ಯಾರ ನಾಲಿಗೆ ಅದು!"

ನಾನು ಮೂರು ಸಲ ಬಿದ್ದೆ.
ಅಮ್ಮ ನಡುವೆ ಚಕ್ಕಳಮಕ್ಕಳ ಕೂತು, ಜಾಕೆಟ್ಟಿನೊಳಗಿಂದ
ಕತ್ತು ಮಾತ್ರ ತೋರುತ್ತಾ,
ದಡದ ಗುಂಟ ಎರಡು ಸುತ್ತು ಬಂದಳು.
"ಕೂತ್ರೂ ಅಡ್ಡಿಲ್ಲ," ಅಂದಳು.

ಆಮೇಲೆ ನೇತ್ರಾವತಿ.
ಹಲಗೆಯ ಬಳ್ಳಿಯನ್ನು ಅವಳ ಕಾಲಿಗೆ ನಾನೇ ಕಟ್ಟಿದೆ.
ಮೊದಲು ಮಂಡಿ. ಒಂದು ಪಾದ. ತಡೆದು, ಇನ್ನೊಂದು.
ಹಲಗೆ ಒಂದಿಷ್ಟು ತಗ್ಗಿ ಸುಮ್ಮನಾಯಿತು,
ಅವಳ ತೂಕವನ್ನು ನೀರು ಯಾರಿಗೂ ಹೇಳಲಿಲ್ಲ.
ಹುಟ್ಟು ಹಿಂದುಮುಂದಾಗಿತ್ತು, ನೋಡಿ ತಿರುಗಿಸಿಕೊಂಡಳು.
ಒಣಗಿದ ಬೊಡ್ಡೆಗಳು ನೀರಿಂದ ಎದ್ದು ನಿಂತಿರುವಲ್ಲಿಯವರೆಗೆ,
ಅದನ್ನೂ ದಾಟಿ,
ಹಳದಿ ಒಂದು ಅಕ್ಕಿಕಾಳಾಗುವವರೆಗೆ.

ಅವಳ ಕಾಲಡಿಗಿದ್ದದ್ದು ನನ್ನ ಅಂಗಡಿಯ ಗಾಳಿ.
ಬಾಯಿಗೆ ಕೈಯಿಟ್ಟು ಕೂಗಿದೆ:
"ಎಲ್ಲಿಗೆ ಹೊರಟೆ?"

ಕೆಂಚ ಬೊಗಳಿದ. ಇಂಚರ, ಈಗ ನನ್ನ ಸರದಿ ಎಂದು
ನನ್ನ ಒದ್ದೆ ಅಂಗಿ ಜಗ್ಗುತ್ತಲೇ ಇದ್ದಳು.