ಚೌಕಾಸಿ ಮಾಡದ ಗಿರಾಕಿ

ಚಿಟ್ಟೆ ಕೊರೆದು ಹಾರಿಹೋದ ಗೂಡಿಗೆ
ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಹರಾಜಿಲ್ಲ.
ಎಳೆ ತುಂಡು ತುಂಡು, ರೀಲರಿಗೆ ಬೇಡ.
ಬಿತ್ತನೆ ಕೋಠಿಯಿಂದ ಅದನ್ನೇ ಕಿಲೋ ಲೆಕ್ಕದಲ್ಲಿ ತಂದು
ಕತ್ತರಿಸಿ, ಬಣ್ಣದಲ್ಲಿ ಅದ್ದಿ,
ಎಸಳೆಸಳಾಗಿ ಪೋಣಿಸುತ್ತೇನೆ.
ಹಾರ ಒಂದಕ್ಕೆ ನೂರ ಎಂಬತ್ತು.
ಸನ್ಮಾನದ ಕೊರಳು ಬಾಗಿದರೂ ಇದು ಬಾಡುವುದಿಲ್ಲ.

ನಾದಿನಿ ಮಗಳು ಭಾರ್ಗವಿ
ಫೋಟೊ ತೆಗೆದು ಫೋನಿನೊಳಗೆ ಅಂಗಡಿ ಇಟ್ಟುಕೊಟ್ಟಳು.
ಮೊದಲ ಗಿರಾಕಿ ರಾತ್ರಿ ಹತ್ತೂಕಾಲಿಗೆ ಬಂದ.
'ನಮಸ್ಕಾರ ಪ್ರಿಯ ಮಾರಾಟಗಾರರೇ,
ನಿಮ್ಮ ವಸ್ತು ಇನ್ನೂ ಲಭ್ಯವಿದೆಯೇ?'
ಲಭ್ಯವಿದೆ ಅಂದೆ.
ಇನ್ನೂರು ಬೇಕು ಅಂದ.
ಕ್ಯಾಪ್ಟನ್ ರಣಧೀರ್ ಅಂತೆ ಹೆಸರು,
ಟೋಪಿ ಹಾಕಿದ ಫೋಟೊ, ಹಿಂದೆ ಬಾವುಟ.

ಇನ್ನೂರು! ಕೂತಲ್ಲೇ ಗುಣಿಸಿದೆ: ಮೂವತ್ತಾರು ಸಾವಿರ.
ತಗಡಿನ ಸೂರು ಹೋಗಿ ತಾರಸಿಗೆ ಜಲ್ಲಿ ಬಿತ್ತು,
ಹೊಲಿಗೆ ಮಿಷನ್ನಿಗೆ ಮೋಟಾರು ಬಂತು,
ಭಾರ್ಗವಿಯ ಫೀಜು ಕಟ್ಟಿಯಾಯಿತು,
ಎಲ್ಲಾ ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ.

ಆಮೇಲೆ ನಿದ್ದೆ ಬರಲಿಲ್ಲ.
ಸಾರಿಗೆ ಉಪ್ಪು ಮರೆತ ಹಾಗೆ ಏನೋ ಕಮ್ಮಿ.
ಬಣ್ಣ ಯಾವುದು, ಕೇಳಲಿಲ್ಲ. ಉದ್ದ ಎಷ್ಟು, ಕೇಳಲಿಲ್ಲ.
'ನೂರ ಎಂಬತ್ತಾ? ನೂರೈವತ್ತು ಮಾಡಮ್ಮಾ' ಅನ್ನಲಿಲ್ಲ.
ನಮ್ಮೂರಲ್ಲಿ ಹೆಣಕ್ಕೆ ಹೂವು ಕೊಳ್ಳುವವರೂ
ಐದು ರೂಪಾಯಿ ಬಿಡು ಅಂತಾರೆ.

ಅಪ್ಪ ಗೂಡು ಆರಿಸುತ್ತಿದ್ದದ್ದು ನೆನಪಾಯಿತು.
ರಾಶಿಗೆ ಮೊಣಕೈವರೆಗೂ ಕೈ ತೂರಿಸಿ
ತಳದಿಂದ ಒಂದು ಹಿಡಿ ಎತ್ತುತ್ತಿದ್ದ
(ಮೇಲೆ ಎಲ್ಲರೂ ಒಳ್ಳೇದೇ ಇಡ್ತಾರೆ ಕಣೇ),
ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ.
ಒಳಗಿನ ಹುಳ ಗಟ್ಟಿಯಿದ್ದರೆ ಸದ್ದು.
ಕೊಳೆತಿದ್ದರೆ ಸದ್ದಿಲ್ಲ.

ಬೆಳಿಗ್ಗೆ ಕ್ಯಾಪ್ಟನ್‌ನನ್ನು ಅಲ್ಲಾಡಿಸಿದೆ.
'ಬಸ್‌ಸ್ಟ್ಯಾಂಡ್ ಹತ್ತಿರವೇ ಮನೆ,
ಯಾರನ್ನಾದರೂ ಕಳಿಸಿ, ನೋಡಿ ಒಯ್ಯಲಿ.'
ಡ್ಯೂಟಿ ಅಂದ, ಗಡಿ ಅಂದ, ರಜೆಯಿಲ್ಲ ಅಂದ.
ಮುಂಗಡ ಈಗಲೇ ಹಾಕ್ತೇನೆ ಅಂದ,
ಕಪ್ಪು ಚುಕ್ಕಿಯ ಚೌಕವೊಂದು ಕಳಿಸಿದ.
'ಸ್ಕ್ಯಾನ್ ಮಾಡಿ ಮೇಡಂ, ಪಿನ್ ಒತ್ತಿ, ಹಣ ಬರುತ್ತೆ,
ಬೇಗ, ಬೇಗ, ಐದೇ ನಿಮಿಷ.'

ಬರೋ ಹಣಕ್ಕೆ ನನ್ನ ಪಿನ್ ಯಾಕಪ್ಪಾ?
ಹುಂಡಿಗೆ ಕಾಸು ಹಾಕೋರು ಬೀಗದಕೈ ಕೇಳ್ತಾರಾ?
ತೆಗೆಯೋನಿಗೆ ತಾನೇ ಬೇಕು ಅದು?

ಹಾಗೇ ಬರೆದು ಕಳಿಸಿದೆ.
ಎರಡು ನೀಲಿ ಗೆರೆ ಬಿದ್ದವು.
ಬಾವುಟ ಮಾಯ.
ಟೋಪಿ ಇದ್ದಲ್ಲಿ ಈಗ ಬೂದು ಬಣ್ಣದ ಬೋಳು ತಲೆ.

ಗೆದ್ದದ್ದು ಹೇಳಿಕೊಳ್ಳೋಕೆ ಷಕೀಲಾ ಮನೆಗೆ ಓಡಿದೆ.
ಜುಮುಕಿಗೆ ರೇಷ್ಮೆ ದಾರ ಸುತ್ತುತ್ತಿದ್ದವಳು
ಕೈ ನಿಲ್ಲಿಸಿ ಕೇಳಿದಳು:
'ಟೋಪಿ ಹಾಕಿದ್ದನಾ?'

ಒಂಬತ್ತು ಸಾವಿರದ ನಾನೂರು.
ರಂಜಾನ್ ತಿಂಗಳಲ್ಲಿ.
ಗಂಡನಿಗೆ ಹೇಳಿಲ್ಲ. ಸ್ಟೇಷನ್ನಿಗೆ ಹೋಗಿಲ್ಲ.
ಪಿಯುಸಿ ಪಾಸಾದವಳು ನಾನು, ಏನಂತ ಹೇಳಲಿ, ಅಂದಳು.

ನನ್ನ ಜಾಣತನ ಬಾಯಲ್ಲೇ ತಣ್ಣಗಾಯಿತು.
ನಿಜ ಹೇಳ್ತೀನಿ, ಬುದ್ಧಿ ಇದ್ದು ಉಳಿದವಳಲ್ಲ ನಾನು,
ನಿದ್ದೆಗೆಟ್ಟು ಉಳಿದವಳು.
ಆ ಐದು ನಿಮಿಷ ಅವನು ರಾತ್ರಿಯೇ ಕೇಳಿದ್ದರೆ
ತಾರಸಿಯ ಮೇಲೆ ನಿಂತೇ ಪಿನ್ ಒತ್ತುತ್ತಿದ್ದೆ.

ಹತ್ತೊಂಬತ್ತು ಮೂವತ್ತಕ್ಕೆ ಫೋನು ಹಚ್ಚಿದೆವು.
ತಡವಾಯಿತಲ್ಲಮ್ಮಾ ಅಂದರು, ಆದರೂ ಬರೆದುಕೊಂಡರು.
ಅವಳು ಮೊತ್ತ ಹೇಳುವಾಗ
ನಾನು ಸುಮ್ಮನೆ ಅವಳ ದಾರದುಂಡೆ ಹಿಡಿದು ಕೂತಿದ್ದೆ.

ಅಷ್ಟರಲ್ಲಿ ನನ್ನ ಫೋನು ಟಣ್ ಅಂತು.
'ಅಕ್ಕಾ, ಹಸಿರು ಹಾರ ಐತಾ? ಎರಡು ಸಾಕು.
ನೂರ ಎಂಬತ್ತು ಭಾಳ ಆಯ್ತು, ನೂರ ಮೂವತ್ತು ಮಾಡ್ಕೊಳ್ಳಿ.
ಚಿಂತಾಮಣಿಯಿಂದ ನಾನೇ ಬಂದು ನೋಡಿ ಒಯ್ತೀನಿ.'

ಷಕೀಲಾ ಫೋನು ಕಸಿದುಕೊಂಡು
ಕಿವಿಗೆ ಹಿಡಿದು ಅಲ್ಲಾಡಿಸಿದಳು.
ಹುಳ ಗಟ್ಟಿ ಐತೆ ಅಂದಳು,
ನೂರ ಎಪ್ಪತ್ತಕ್ಕೆ ನಿಲ್ಲು, ಇಳೀಬೇಡ.